ಕಾಂತಗೋಳದ ಗಡಿಯಲ್ಲಿ ಅಲೆಗಳ ಕಾರುಬಾರು

ಹೈಸ್ಕೂಲಿನ ಪಠ್ಯಪುಸ್ತಕದಿಂದ ಹಿಡಿದು ಟಿ.ವಿ. ವಾಹಿನಿಗಳ ಗ್ರಾಫಿಕ್ಸ್‌ವರೆಗೆ ಎಲ್ಲ ಕಡೆ ಒಂದೇ ಚಿತ್ರ. ಎಡಕ್ಕೆ ಸೂರ್ಯ, ಬಲಕ್ಕೆ ಭೂಮಿ, ನಡುವೆ ಹಳದಿ ಬಾಣಗಳು. ಭೂಮಿಯ ಸುತ್ತ ನೀಲಿ ಗೆರೆಗಳ ಗೂಡು. ಬಾಣಗಳು ಗೂಡಿನ ತನಕ ಬಂದು, ಅದರ ಮೈ ಸವರಿಕೊಂಡು ಅತ್ತಿತ್ತ ಹರಿದುಹೋಗುತ್ತವೆ. ಕೆಳಗೆ 'ಭೂಮಿಯ ರಕ್ಷಾಕವಚ' ಎಂಬ ಅಡಿಬರಹ. ಚಿತ್ರ ಪೂರ್ತಿ ತಪ್ಪೇನಲ್ಲ. ಆದರೆ ಆ ಗೂಡಿನ ಹೊರಗೆರೆಯನ್ನು ಕೈವಾರ ಹಿಡಿದು ಎಳೆದಷ್ಟು ನುಣುಪಾಗಿ ಎಳೆದಿರುತ್ತಾರಲ್ಲ, ನನ್ನ ತಕರಾರು ಇರುವುದು ಅಲ್ಲಿ. ಆ ಗೆರೆ ಒಂದು ಗಳಿಗೆಯೂ ಸುಮ್ಮನಿರುವುದಿಲ್ಲ. ಅದರ ಮೇಲೆ ಅಲೆ ಏಳುತ್ತದೆ, ಅಲೆ ಮಗುಚಿ ಸುಳಿಯಾಗುತ್ತದೆ, ಸುಳಿಯೊಳಗೆ ಸಿಕ್ಕ ಸೂರ್ಯನ ಸರಕು ಸದ್ದಿಲ್ಲದೆ ಒಳಗೆ ಜಾರುತ್ತದೆ. ಈ ಅರವತ್ತು ವರ್ಷಗಳ ಬಾಹ್ಯಾಕಾಶ ಸಂಶೋಧನೆ ನಿಧಾನವಾಗಿ ತಿಳಿಸಿಕೊಟ್ಟಿರುವುದು ಇದನ್ನೇ.

ಮೊದಲು ಜಾಗ ಎಲ್ಲಿದೆ ಎಂದು ನೋಡೋಣ. ಸೂರ್ಯನಿಂದ ಸದಾ ಹೊರಡುವ ಪ್ರೋಟಾನ್ ಮತ್ತು ಎಲೆಕ್ಟ್ರಾನುಗಳ ಹರಿವಿಗೆ ಸೌರಮಾರುತ ಎಂದು ಹೆಸರು. ಅದರ ವೇಗ ಸಾಮಾನ್ಯವಾಗಿ ಸೆಕೆಂಡಿಗೆ 400 ಕಿ.ಮೀ. ಭೂಮಿಯ ಹತ್ತಿರ ಬರುವ ಹೊತ್ತಿಗೆ ಅದು ಎಷ್ಟು ತೆಳುವಾಗಿರುತ್ತದೆಂದರೆ ಒಂದು ಘನ ಸೆಂಟಿಮೀಟರಿನಲ್ಲಿ ಐದೋ ಆರೋ ಪ್ರೋಟಾನುಗಳು ಸಿಕ್ಕಾವು. ನಾವು ಉಸಿರಾಡುವ ಗಾಳಿಯ ಅಷ್ಟೇ ಜಾಗದಲ್ಲಿ ಇರುವ ಅಣುಗಳ ಸಂಖ್ಯೆ ಬರೆಯಲು 25ರ ಮುಂದೆ ಹದಿನೆಂಟು ಸೊನ್ನೆ ಹಾಕಬೇಕು. ಇಷ್ಟು ತೆಳುವಾದರೂ ಆ ಹರಿವಿಗೆ ಒತ್ತಡವಿದೆ. ಒಂದು ಪ್ಯಾಸ್ಕಲಿನ ನೂರು ಕೋಟಿಯಲ್ಲಿ ಎರಡು ಪಾಲಿನಷ್ಟು. ಇತ್ತ ಭೂಮಿಯ ಕಾಂತಕ್ಷೇತ್ರಕ್ಕೂ ತನ್ನದೇ ಒತ್ತಡ ಇದೆ, ದೂರ ಹೋದಂತೆ ಅದು ಬೇಗ ಬೇಗ ಕುಗ್ಗುತ್ತದೆ. ಎರಡೂ ಸರಿಸಮವಾಗುವ ಕಡೆ ಗಡಿ ಬೀಳುತ್ತದೆ. ಸೂರ್ಯನ ಕಡೆಗೆ ಆ ಗಡಿ ಭೂಕೇಂದ್ರದಿಂದ ಸುಮಾರು ಹತ್ತು ಭೂತ್ರಿಜ್ಯ, ಅಂದರೆ 64 ಸಾವಿರ ಕಿ.ಮೀ. ದೂರದಲ್ಲಿದೆ. ಮ್ಯಾಗ್ನೆಟೋಪಾಸ್ ಎನ್ನುವುದು ಇದಕ್ಕೇ; ಅದರ ಒಳಗಿನದು ಕಾಂತಗೋಳ. ಅದಕ್ಕೂ ಮುಂದೆ, 90 ಸಾವಿರ ಕಿ.ಮೀ. ಆಸುಪಾಸಿನಲ್ಲಿ ಬೋ ಶಾಕ್ ಎಂಬ ಆಘಾತದ ಪದರವಿದೆ. ಅಲ್ಲಿ ಸೌರಮಾರುತ ತಟಕ್ಕನೆ ನಿಧಾನಗೊಂಡು, ಕಾದು, ಕದಡಿ, ಆಮೇಲೆ ಗಡಿಯ ಮೈಮೇಲೆ ಹರಿಯುತ್ತದೆ.

ಇಂಥದೊಂದು ಗಡಿ ಇರಲೇಬೇಕೆಂದು ಸಿಡ್ನಿ ಚಾಪ್‌ಮನ್ ಮತ್ತು ವಿನ್ಸೆಂಟ್ ಫೆರಾರೊ 1931ರಲ್ಲೇ ಲೆಕ್ಕ ಹಾಕಿ ಹೇಳಿದ್ದರು. ಆಗ ಬಾಹ್ಯಾಕಾಶ ಮುಟ್ಟಬಲ್ಲ ರಾಕೆಟ್ಟೂ ಇರಲಿಲ್ಲ, ಉಪಗ್ರಹವೂ ಇರಲಿಲ್ಲ. ಅದನ್ನು ಮತ್ತೆ ಮತ್ತೆ ದಾಟಿ ಸ್ಪಷ್ಟವಾಗಿ ಅಳೆದದ್ದು 1961ರಲ್ಲಿ ಹಾರಿದ ಅಮೆರಿಕದ ಎಕ್ಸ್‌ಪ್ಲೋರರ್-12. ಒಳಗೆ ಇದ್ದಷ್ಟು ಹೊತ್ತು ಅದರ ಕಾಂತಮಾಪಕ ನೆಟ್ಟಗೆ, ನಿರೀಕ್ಷೆಯಂತೆ ಕ್ಷೇತ್ರವನ್ನು ತೋರಿಸುತ್ತಿತ್ತು. ಗಡಿ ದಾಟಿದ ಮರುಕ್ಷಣ ಕ್ಷೇತ್ರದ ಬಲ ಕುಸಿದು, ದಿಕ್ಕು ಮನಸ್ಸಿಗೆ ಬಂದಂತೆ ತಿರುಗತೊಡಗಿತು. ಮುಂದಿನ ಉಪಗ್ರಹಗಳು ಇನ್ನೊಂದು ವಿಚಿತ್ರವನ್ನು ತೋರಿಸಿಕೊಟ್ಟವು. ಒಂದೇ ಸಲ ಗಡಿ ದಾಟಬೇಕಾದ ನೌಕೆ ಹತ್ತಾರು ಸಲ ಒಳಗೆ-ಹೊರಗೆ ಆಗುತ್ತಿತ್ತು. ನೌಕೆಯೇನೋ ಸೆಕೆಂಡಿಗೆ ಒಂದೆರಡು ಕಿ.ಮೀ. ವೇಗದಲ್ಲಿ ತನ್ನ ಪಾಡಿಗೆ ತಾನು ಸಾಗುತ್ತಿರುತ್ತದೆ. ಗಡಿಯೇ ಸೆಕೆಂಡಿಗೆ ಹತ್ತಾರು ಕಿ.ಮೀ. ವೇಗದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡಿ ಅದನ್ನು ಹಾದುಹೋಗುತ್ತದೆ.

ಇಲ್ಲಿ ಒಂದು ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಬಿಸಿ ಹರಡುವುದು, ವಾಸನೆ ಹಬ್ಬುವುದು, ವೇಗ ಒಂದು ಪದರದಿಂದ ಇನ್ನೊಂದಕ್ಕೆ ದಾಟುವುದು ಎಲ್ಲವೂ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದರಿಂದ. ಸೌರಮಾರುತದಲ್ಲಿ ಡಿಕ್ಕಿಗಳೇ ಇಲ್ಲವೆನ್ನಬೇಕು. ಸೂರ್ಯನ ಹತ್ತಿರದಿಂದ ಹೊರಟ ಪ್ರೋಟಾನು ಹದಿನೈದು ಕೋಟಿ ಕಿ.ಮೀ. ದಾಟಿ ಭೂಮಿ ಸೇರುವಷ್ಟರಲ್ಲಿ ಇನ್ನೊಂದಕ್ಕೆ ತಾಕಿದರೆ ಒಮ್ಮೆ ತಾಕೀತು. ಹಾಗಿದ್ದ ಮೇಲೆ ಹೊರಗಿನ ಶಕ್ತಿ ಒಳಗೆ ಹೋಗುವುದು ಹೇಗೆ? ಹೊರಗಿನ ಕಣ ಒಳಗಿನ ಕಾಂತಬಲರೇಖೆಗೆ ಅಂಟಿಕೊಳ್ಳುವುದು ಹೇಗೆ? ಡಿಕ್ಕಿಗಳು ಮಾಡಬೇಕಿದ್ದ ಕೆಲಸವನ್ನು ಅಲ್ಲಿ ಅಲೆಗಳು ಮಾಡುತ್ತವೆ. ಕಣಗಳು ಪರಸ್ಪರ ಮಾತಾಡುವುದು ಕಾಂತ ಮತ್ತು ವಿದ್ಯುತ್ ಕ್ಷೇತ್ರಗಳ ಏರಿಳಿತಗಳ ಮೂಲಕ. ವಿದ್ಯುದಾವೇಶ ಹೊತ್ತ ಇಂಥ ಕಣಗಳ ಸಮೂಹಕ್ಕೆ ಪ್ಲಾಸ್ಮಾ ಎಂದು ಹೆಸರು. ಪ್ಲಾಸ್ಮಾ ಭೌತಶಾಸ್ತ್ರದ ಸೊಗಸೆಲ್ಲ ಇದರಲ್ಲಿದೆ, ತಲೆನೋವೂ ಇದರಲ್ಲೇ ಇದೆ.

ಇಂಥ ಅಲೆಗಳಲ್ಲಿ ಮೂಲದ್ದು ಎನ್ನಬಹುದಾದದ್ದನ್ನು 1942ರಲ್ಲಿ ಸ್ವೀಡನ್ನಿನ ಹಾನೆಸ್ ಆಲ್ವೆನ್ ಹೇಳಿದರು. 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾದ ಆ ಬರಹ ಪುಟ್ಟ ಟಿಪ್ಪಣಿಯಷ್ಟೇ. ವಿದ್ಯುತ್ ಹರಿಯಬಲ್ಲ ದ್ರವದಲ್ಲಿ ಕಾಂತಬಲರೇಖೆ ಇದ್ದರೆ ಅದು ದ್ರವಕ್ಕೆ ಅಂಟಿಕೊಂಡಿರುತ್ತದೆ. ರೇಖೆ ಬಾಗಿದರೆ ನೆಟ್ಟಗಾಗಲು ಎಳೆಯುತ್ತದೆ, ದ್ರವದ ಭಾರ ಅದನ್ನು ತಡೆಯುತ್ತದೆ, ಈ ಎಳೆದಾಟ ರೇಖೆಯುದ್ದಕ್ಕೂ ಅಲೆಯಾಗಿ ಸಾಗುತ್ತದೆ ಎಂಬುದು ವಾದ. ಬಹಳ ಮಂದಿ ಭೌತವಿಜ್ಞಾನಿಗಳು ಆರು ವರ್ಷ ಅದನ್ನು ನಂಬಲೇ ಇಲ್ಲ. 1948ರಲ್ಲಿ ಶಿಕಾಗೋದಲ್ಲಿ ಆಲ್ವೆನ್ ಉಪನ್ಯಾಸ ಕೊಟ್ಟಾಗ ಮುಂದೆ ಕುಳಿತಿದ್ದ ಎನ್ರಿಕೊ ಫರ್ಮಿ 'ಹೌದು, ಇರಲೇಬೇಕು' ಎಂಬಂತೆ ತಲೆದೂಗಿದರಂತೆ, ಮಾರನೆಯ ದಿನದಿಂದ ಎಲ್ಲರಿಗೂ ಅದು ಮೊದಲೇ ಗೊತ್ತಿದ್ದ ವಿಷಯವಾಯಿತಂತೆ. ವಿದ್ವಾಂಸರ ಲೋಕವೂ ನಮ್ಮ ನಿಮ್ಮ ಲೋಕದ ಹಾಗೇ ಇದೆ. 1970ರಲ್ಲಿ ಆಲ್ವೆನ್‌ಗೆ ನೊಬೆಲ್ ಬಂತು.

ಗಡಿ ದಾಟುವ ದೊಡ್ಡ ಬಾಗಿಲನ್ನು ತೋರಿಸಿದವರು ಬ್ರಿಟನ್ನಿನ ಜೇಮ್ಸ್ ಡಂಜಿ, 1961ರಲ್ಲಿ. ಸೌರಮಾರುತ ತನ್ನೊಂದಿಗೆ ಸೂರ್ಯನ ಕಾಂತಕ್ಷೇತ್ರವನ್ನೂ ಹೊತ್ತು ತರುತ್ತದೆ. ಆ ಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದ್ದರೆ, ಉತ್ತರಮುಖಿಯಾದ ಭೂಮಿಯ ರೇಖೆಗಳೊಂದಿಗೆ ಕತ್ತರಿಸಿಕೊಂಡು, ಹೊಸ ಜೋಡಣೆಯಾಗಿ ಗಡಿ ತೆರೆದುಕೊಳ್ಳುತ್ತದೆ. ದೊಡ್ಡ ಸೌರ ಬಿರುಗಾಳಿಗಳ ಆಟವೆಲ್ಲ ಮುಖ್ಯವಾಗಿ ಈ ದಾರಿಯಲ್ಲಿ. ಹಾಗಾದರೆ ಕ್ಷೇತ್ರ ಉತ್ತರಮುಖಿಯಾಗಿ ಬಂದಾಗ ಬಾಗಿಲು ಮುಚ್ಚಿರಬೇಕಷ್ಟೆ? ಲೆಕ್ಕ ಹಾಗೆ ಹೇಳುತ್ತದೆ. ಉಪಗ್ರಹಗಳು ಕಂಡದ್ದು ಬೇರೆ. ಗಂಟೆಗಟ್ಟಲೆ ಉತ್ತರಮುಖಿ ಕ್ಷೇತ್ರ ಬಂದ ಮೇಲೆ ಭೂಮಿಯ ಬೆನ್ನ ಹಿಂದಿನ ಪ್ಲಾಸ್ಮಾ ಹಾಳೆ ಮೊದಲಿಗಿಂತ ದಟ್ಟವೂ ತಣ್ಣಗೂ ಆಗಿರುತ್ತಿತ್ತು. ದಟ್ಟ ಮತ್ತು ತಣ್ಣಗಿನ ಪ್ಲಾಸ್ಮಾ ಎಂದರೆ ಸೌರಮಾರುತದ್ದೇ. ಮುಚ್ಚಿದ ಬಾಗಿಲ ಮನೆಗೆ ಅದು ನುಗ್ಗಿದ್ದು ಎಲ್ಲಿಂದ?

ಸಂಶಯ ಬಿದ್ದ ಆಸಾಮಿಗಳಲ್ಲಿ ಒಬ್ಬ ಹಳಬ. ಕೆರೆಯ ನೀರಿನ ಮೇಲೆ ಗಾಳಿ ಬೀಸಿದಾಗ ಅಲೆ ಏಳುವುದನ್ನು ಎಲ್ಲರೂ ನೋಡಿದ್ದೇವೆ. ಬೇರೆ ಬೇರೆ ವೇಗದ ಎರಡು ಪದರಗಳು ಒಂದರ ಮೇಲೊಂದು ಜಾರುವಾಗ ನಡುವಿನ ಮೇಲ್ಮೈ ಸಣ್ಣಗೆ ಉಬ್ಬುತ್ತದೆ, ಉಬ್ಬು ಬೆಳೆಯುತ್ತದೆ, ಕೊನೆಗೆ ಸುರುಳಿಯಾಗಿ ಒಳಕ್ಕೆ ಮಡಚಿಕೊಳ್ಳುತ್ತದೆ. ಹರ್ಮನ್ ಹೆಲ್ಮ್‌ಹೋಲ್ಟ್ಸ್ 1868ರಲ್ಲೂ ಲಾರ್ಡ್ ಕೆಲ್ವಿನ್ 1871ರಲ್ಲೂ ಇದರ ಗಣಿತ ಬರೆದರು. ಮ್ಯಾಗ್ನೆಟೋಪಾಸಿನ ಅಕ್ಕಪಕ್ಕದಲ್ಲೂ ಪರಿಸ್ಥಿತಿ ಅದೇ: ಹೊರಗೆ ಓಡುವ ಪ್ಲಾಸ್ಮಾ, ಒಳಗೆ ಹೆಚ್ಚುಕಡಿಮೆ ನಿಂತ ಪ್ಲಾಸ್ಮಾ. ಅಲ್ಲಿಯೂ ಕೆಲ್ವಿನ್-ಹೆಲ್ಮ್‌ಹೋಲ್ಟ್ಸ್ ಅಲೆಗಳು ಏಳಬೇಕೆಂದು ಐವತ್ತರ ದಶಕದಿಂದಲೂ ಹೇಳುತ್ತಿದ್ದರು. ಆದರೆ ಅಲೆ ಎದ್ದು ಇಳಿದರೆ ಸರಕು ದಾಟುವುದಿಲ್ಲ. ಅದು ಸುರುಳಿ ಸುತ್ತಿಕೊಳ್ಳಬೇಕು. ಸುತ್ತಿಕೊಂಡಿತು ಎಂದು ತೋರಿಸುವುದು ಹೇಗೆ? ಒಂದೇ ನೌಕೆಯಿದ್ದರೆ, ಅದು ಕಂಡ ಬದಲಾವಣೆ ಕಾಲದ್ದೋ ಜಾಗದ್ದೋ ಎಂದು ಬಿಡಿಸಲು ಆಗುವುದಿಲ್ಲ. ಕಡೇ ಪಕ್ಷ ನಾಲ್ಕು ಬೇಕು.

ಆ ನಾಲ್ಕನ್ನು ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಟ್ಟಿತು. 'ಕ್ಲಸ್ಟರ್' ಎಂದು ಹೆಸರು. 1996ರ ಜೂನ್ 4ರಂದು ಹೊಚ್ಚ ಹೊಸ ಏರಿಯಾನ್-5 ರಾಕೆಟ್ ಅವನ್ನು ಹೊತ್ತು ಮೇಲೇರಿತು, ಒಂದು ನಿಮಿಷ ತುಂಬುವ ಮೊದಲೇ ಆಕಾಶದಲ್ಲಿ ಸಿಡಿದು ಚೂರುಚೂರಾಯಿತು. ಹಳೆಯ ರಾಕೆಟ್ಟಿನಿಂದ ಎತ್ತಿಕೊಂಡ ತಂತ್ರಾಂಶದ ಒಂದು ತುಣುಕು ಹೊಸ ರಾಕೆಟ್ಟಿನ ದೊಡ್ಡ ಅಂಕಿಯನ್ನು ಹಿಡಿಸಿಕೊಳ್ಳಲಾಗದೆ ತಪ್ಪಿತ್ತು. ಕಂಪ್ಯೂಟರ್ ತರಗತಿಗಳಲ್ಲಿ ಇಂದಿಗೂ ಆ ಕಥೆ ಹೇಳುತ್ತಾರೆ. ಅದರ ಹೊಟ್ಟೆಯಲ್ಲಿ ಏನಿತ್ತೆಂದು ಹೇಳುವವರು ಕಡಿಮೆ. ವಿಜ್ಞಾನಿಗಳು ಪಟ್ಟು ಬಿಡಲಿಲ್ಲ. 2000ದ ಜುಲೈ ಮತ್ತು ಆಗಸ್ಟ್‌ನಲ್ಲಿ ರಷ್ಯದ ಸೋಯುಜ್ ರಾಕೆಟ್ಟುಗಳು ಬೈಕನೂರಿನಿಂದ ಎರಡೆರಡಾಗಿ ಹೊಸ ನಾಲ್ಕು ನೌಕೆಗಳನ್ನು ಒಯ್ದು ಬಿಟ್ಟವು. ರುಂಬಾ, ಸಾಲ್ಸಾ, ಸಾಂಬಾ, ಟ್ಯಾಂಗೋ. ನಾಲ್ಕೂ ನೃತ್ಯಗಳ ಹೆಸರು.

2001ರ ನವೆಂಬರ್ 20. ನಾಲ್ಕೂ ನೌಕೆಗಳು ಒಂದಕ್ಕೊಂದು ಸುಮಾರು ಎರಡು ಸಾವಿರ ಕಿ.ಮೀ. ಅಂತರದಲ್ಲಿ, ಸಂಜೆಯ ಕಡೆಯ ಗಡಿಯ ಬಳಿ ಇದ್ದವು. ಸೌರಮಾರುತದ ಕ್ಷೇತ್ರ ಉತ್ತರಮುಖಿಯಾಗಿತ್ತು. ಪ್ರತಿಯೊಂದು ನೌಕೆಗೂ ಕೆಲವು ನಿಮಿಷಗಳಿಗೊಮ್ಮೆ ದಟ್ಟ ತಂಪು ಪ್ಲಾಸ್ಮಾ, ಮತ್ತೆ ವಿರಳ ಬಿಸಿ ಪ್ಲಾಸ್ಮಾ, ಮತ್ತೆ ದಟ್ಟ, ಹೀಗೆ ಸರದಿಯಲ್ಲಿ ಸಿಗುತ್ತಿತ್ತು. ಇಷ್ಟು ಆಗುವುದಕ್ಕೆ ಬರಿಯ ಅಲೆಯಾದರೂ ಸಾಕು. ಆದರೆ ನಾಲ್ಕರ ಅಳತೆಯನ್ನು ಪಕ್ಕಪಕ್ಕ ಇಟ್ಟಾಗ ಒಂದು ಅನುಮಾನಾಸ್ಪದ ಸಂಗತಿ ಹೊರಬಿತ್ತು. ಕೆಲವು ಹೊತ್ತಿನಲ್ಲಿ ಭೂಮಿಗೆ ಹತ್ತಿರ ಇದ್ದ ನೌಕೆಗೆ ದಟ್ಟ ಪ್ಲಾಸ್ಮಾ ಸಿಕ್ಕಿದೆ, ಅದಕ್ಕಿಂತ ಹೊರಗಿದ್ದ ನೌಕೆಗೆ ವಿರಳವಾದದ್ದು. ಒಳಗಿನದು ಹೊರಗೆ, ಹೊರಗಿನದು ಒಳಗೆ. ಮೇಲ್ಮೈ ಸುರುಳಿಯಾಗಿ ಮಡಚಿಕೊಂಡಿದ್ದರೆ ಮಾತ್ರ ಹೀಗಾಗಲು ಸಾಧ್ಯ. ಜಪಾನಿನ ಹಿರೋಶಿ ಹಸೆಗಾವ ಮತ್ತು ಸಂಗಡಿಗರು 2004ರಲ್ಲಿ 'ನೇಚರ್'ನಲ್ಲಿ ಇದನ್ನು ಪ್ರಕಟಿಸಿದರು. ಆ ಸುಳಿಗಳು ಹತ್ತಾರು ಸಾವಿರ ಕಿ.ಮೀ. ಅಗಲ, ಒಂದೊಂದರಲ್ಲೂ ಇಡೀ ಭೂಮಿಯನ್ನು ಇಟ್ಟು ಇನ್ನೂ ಜಾಗ ಉಳಿಯುತ್ತದೆ.

ಅಪರೂಪಕ್ಕೆ ನಡೆಯುವ ಸಂಗತಿ ಇರಬಹುದು ಎಂದುಕೊಂಡವರಿಗೆ 2015ರಲ್ಲಿ ಉತ್ತರ ಸಿಕ್ಕಿತು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದ ಶಿವಾ ಕವೋಸಿ ಮತ್ತು ಯೋಆಕಿಮ್ ರೇಡರ್, ನಾಸಾದ ಥೆಮಿಸ್ ಉಪಗ್ರಹಗಳ ಏಳು ವರ್ಷದ ದತ್ತಾಂಶವನ್ನು ಜಾಲಾಡಿದರು. ಗಡಿಯಲ್ಲಿ ಈ ಅಲೆಗಳು ಶೇ 19ರಷ್ಟು ಸಮಯ ಇದ್ದೇ ಇರುತ್ತವೆ ಎಂದು ಕಂಡುಬಂತು. ಸೌರಮಾರುತ ಹೇಗೇ ಬೀಸಲಿ, ಕ್ಷೇತ್ರ ಯಾವ ಕಡೆಗೇ ತಿರುಗಿರಲಿ, ಅವು ಒಂದಲ್ಲ ಒಂದು ಹೊತ್ತಿನಲ್ಲಿ ಏಳುತ್ತವೆ, ಉತ್ತರಮುಖಿಯಾದಾಗ ಜಾಸ್ತಿ. ಐದರಲ್ಲಿ ಒಂದು ಪಾಲು ಹೊತ್ತು ಕದಡಿರುವ ಗಡಿಯನ್ನು ನಾವು ನುಣುಪು ಗೆರೆಯಲ್ಲಿ ಬರೆಯುತ್ತಿದ್ದೇವೆ.

ಸುಳಿಯ ಒಳಗೆ ನಿಜಕ್ಕೂ ಏನು ನಡೆಯುತ್ತದೆ ಎಂಬುದು ಇನ್ನೂ ಸಣ್ಣ ಮಾಪನದ ಪ್ರಶ್ನೆ. ಅದಕ್ಕಾಗಿಯೇ 2015ರ ಮಾರ್ಚ್‌ನಲ್ಲಿ ನಾಸಾ ಎಂಎಂಎಸ್ ಎಂಬ ನಾಲ್ಕು ನೌಕೆಗಳ ತಂಡವನ್ನು ಹಾರಿಸಿತು. ಇವು ಏಳು ಕಿ.ಮೀ. ಹತ್ತಿರದವರೆಗೂ ಒತ್ತೊತ್ತಾಗಿ ಹಾರಬಲ್ಲವು. ಅದೇ ವರ್ಷ ಸೆಪ್ಟೆಂಬರ್ 8ರಂದು ಅವು ಇಂಥದೇ ಅಲೆಗಳ ಸಾಲಿನ ಮೂಲಕ ಹಾದುಹೋದಾಗ, ಸುಳಿಗಳು ಹಿಂಡಿದ ತೆಳು ಪದರಗಳಲ್ಲಿ ಕಾಂತರೇಖೆಗಳು ಕತ್ತರಿಸಿ ಮರುಜೋಡಣೆಯಾಗುವುದು ಕಂಡಿತು. ಅಂದರೆ ಡಂಜಿ ಹೇಳಿದ ದೊಡ್ಡ ಬಾಗಿಲು ಮುಚ್ಚಿದ್ದರೂ, ಅಲೆಗಳು ತಮ್ಮ ಮಡಿಕೆಗಳಲ್ಲಿ ನೂರೆಂಟು ಕಿಂಡಿಗಳನ್ನು ತೆರೆಯುತ್ತವೆ. ಹಳೆಯ ಒಗಟು ಬಿಡಿಸಲು ಇದು ದೊಡ್ಡ ಸುಳಿವು. ಉತ್ತರಮುಖಿ ಕ್ಷೇತ್ರದಲ್ಲಿ ಧ್ರುವಗಳ ಕಡೆಯ ಎತ್ತರದಲ್ಲಿ ನಡೆಯುವ ಮರುಜೋಡಣೆಗೂ ಪಾಲು ಇದೆ, ಯಾರ ಪಾಲು ಎಷ್ಟು ಎಂಬ ಜಗಳ ವಿಜ್ಞಾನಿಗಳ ನಡುವೆ ಇನ್ನೂ ಮುಗಿದಿಲ್ಲ.

ದೊಡ್ಡ ಅಲೆಗಳ ನಡುವೆ ಪುಟ್ಟವೂ ಇವೆ. ಗಡಿಯ ಹೊರಗಿನ ಕದಡಿದ ಪ್ರದೇಶದಲ್ಲಿ, ಸೆಕೆಂಡಿಗೆ ನೂರರ ಆಸುಪಾಸು ಬಾರಿ ಕಂಪಿಸುವ ಕಾಂತ ಅಲೆಗಳು ಚಿಕ್ಕ ಚಿಕ್ಕ ಕಂತುಗಳಲ್ಲಿ ಬರುತ್ತವೆ. ಉಪಗ್ರಹದ ಸಂಕೇತವನ್ನು ಹಾಗೇ ಧ್ವನಿವರ್ಧಕಕ್ಕೆ ಕೊಟ್ಟು ಕೇಳಿದವರು ಅವಕ್ಕೆ 'ಸಿಂಹಗರ್ಜನೆ' ಎಂದು ಹೆಸರಿಟ್ಟರು. ಪ್ರಬಂಧಗಳಲ್ಲೂ ಅದೇ ಹೆಸರು ಉಳಿದುಕೊಂಡಿದೆ. ಬಾಹ್ಯಾಕಾಶದಲ್ಲಿ ಗರ್ಜಿಸಲು ಗಾಳಿಯಿಲ್ಲ ಎಂಬುದು ಬೇರೆ ಮಾತು. ಗಡಿಯ ಪದರದಲ್ಲೇ ಏಳುವ ಒಂಟಿ ವಿದ್ಯುತ್ ಅಲೆಗಳ ಬಗ್ಗೆ ನವಿ ಮುಂಬೈಯಲ್ಲಿರುವ ಭಾರತೀಯ ಭೂಕಾಂತತ್ವ ಸಂಸ್ಥೆಯ ಗುರುಬಕ್ಷ್ ಲಖಿನಾ ಮತ್ತು ಸತ್ಯವೀರ್ ಸಿಂಗ್ ಅವರು ಬಹಳ ಕೆಲಸ ಮಾಡಿದ್ದಾರೆ. ನಮ್ಮ ವಿಜ್ಞಾನ ವರದಿಗಾರಿಕೆಯಲ್ಲಿ ಇದು ಸುದ್ದಿಯಾದದ್ದೇ ಕಮ್ಮಿ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಮದ್ದಳೆಗೆ ಒಂದು ಪೆಟ್ಟು ಕೊಟ್ಟರೆ ಚರ್ಮ ತನ್ನದೇ ಶ್ರುತಿಯಲ್ಲಿ ನುಡಿಯುತ್ತದೆ, ಏಕೆಂದರೆ ಅಂಚು ಬಿಗಿದಿದೆ. ಮ್ಯಾಗ್ನೆಟೋಪಾಸಿನ ಕಾಂತರೇಖೆಗಳೂ ಉತ್ತರ-ದಕ್ಷಿಣ ಎರಡೂ ಧ್ರುವಗಳ ಬಳಿಯ ಅಯಾನುಗೋಳದಲ್ಲಿ ಬಿಗಿದುಕೊಂಡಿವೆ. ಹಾಗಾದರೆ ಹೊರಗಿನಿಂದ ಪೆಟ್ಟು ಬಿದ್ದರೆ ಇಡೀ ಗಡಿ ಒಂದು ಶ್ರುತಿಯಲ್ಲಿ ಮಿಡಿಯಬೇಕು ಎಂಬ ಸಿದ್ಧಾಂತ 1970ರ ದಶಕದಿಂದ ಇತ್ತು. ಸಾಕ್ಷಿ ಇರಲಿಲ್ಲ. 2007ರ ಆಗಸ್ಟ್ 7ರಂದು ಥೆಮಿಸ್‌ನ ಐದು ಉಪಗ್ರಹಗಳು ಸಾಲಾಗಿ ಗಡಿಯ ಬಳಿ ಸಾಗುತ್ತಿದ್ದಾಗ ಪ್ಲಾಸ್ಮಾದ ಒಂಟಿ ಚಿಲುಮೆಯೊಂದು ಬಂದು ಗಡಿಗೆ ಅಪ್ಪಳಿಸಿತು. ಆಮೇಲೆ ಗಡಿ ಒಳಗೆ-ಹೊರಗೆ ಸುಮಾರು ಒಂಬತ್ತು ನಿಮಿಷಕ್ಕೊಮ್ಮೆ ಆಡಿದ್ದನ್ನು ಮಾರ್ಟಿನ್ ಆರ್ಚರ್ ಮತ್ತು ಸಂಗಡಿಗರು ಆ ಹಳೆಯ ದತ್ತಾಂಶದಲ್ಲಿ ಹುಡುಕಿ ತೆಗೆದು 2019ರಲ್ಲಿ ಪ್ರಕಟಿಸಿದರು. 1.8 ಮಿಲಿಹರ್ಟ್ಜ್. ನಮ್ಮ ಕಿವಿಗೆ ಕೇಳುವ ಅತಿ ಮಂದ್ರ ಸ್ವರಕ್ಕಿಂತಲೂ ಹತ್ತು ಸಾವಿರ ಪಟ್ಟಿಗೂ ಕೆಳಗೆ. 2021ರಲ್ಲಿ ಅದೇ ತಂಡ ಇನ್ನೊಂದು ಮಾತು ಸೇರಿಸಿತು: ಸೂರ್ಯನಿಗೆ ಎದುರಾದ ಭಾಗದಲ್ಲಿ ಈ ಅಲೆಗಳು ಸೌರಮಾರುತದ ಜೊತೆ ಕೊಚ್ಚಿಹೋಗುವುದಿಲ್ಲ, ಎದುರು ಈಜಿ ಇದ್ದಲ್ಲೇ ನಿಲ್ಲುತ್ತವೆ. ನಿಂತಷ್ಟು ಹೊತ್ತು ಶಕ್ತಿ ಒಳಗೆ ಇಳಿಯುತ್ತಲೇ ಇರುತ್ತದೆ.

ಇಳಿದ ಶಕ್ತಿ ಎಲ್ಲಿಗೆ ಹೋಗುತ್ತದೆ? ಗಡಿಯ ಮಿಡಿತ ಒಳಗಿನ ಕಾಂತರೇಖೆಗಳನ್ನು ಕಂಪಿಸುವಂತೆ ಮಾಡುತ್ತದೆ. ಕೆಲವು ನಿಮಿಷಗಳ ಅವಧಿಯ ಆ ಕಂಪನಗಳು ಭೂಮಿಯ ಸುತ್ತಲಿನ ವಿಕಿರಣ ಪಟ್ಟಿಯ ಎಲೆಕ್ಟ್ರಾನುಗಳನ್ನು ಹೊಂದಿಕೆಯಾದ ಹೊತ್ತಿನಲ್ಲಿ ತಳ್ಳುತ್ತಾ ಹೋದರೆ, ಅವು ಉಪಗ್ರಹದ ಹೊದಿಕೆಯನ್ನೇ ಕೊರೆದು ಒಳಗಿನ ಸರ್ಕ್ಯೂಟಿಗೆ ನುಗ್ಗುವಷ್ಟು ಶಕ್ತಿ ಪಡೆಯುತ್ತವೆ. ನೆಲದ ಮೇಲಿನ ಕಾಂತಮಾಪಕಗಳಿಗೂ ಈ ಮಿಡಿತ ಕೇಳಿಸುತ್ತದೆ. 1859ರ ಪ್ರಚಂಡ ಸೌರ ಬಿರುಗಾಳಿಯ ಹೊತ್ತಿನಲ್ಲಿ ಲಂಡನ್ ಬಳಿಯ ಕ್ಯೂ ವೀಕ್ಷಣಾಲಯದ ದಾಖಲೆಯಲ್ಲಿ ಬಾಲ್ಫರ್ ಸ್ಟೂವರ್ಟ್ ಇಂಥ ಲಯಬದ್ಧ ಕಂಪನಗಳನ್ನು ಗುರುತಿಸಿದ್ದರು. ಅದೇ ಬಿರುಗಾಳಿಯಲ್ಲಿ ಮುಂಬೈಯ ಕೊಲಾಬಾ ವೀಕ್ಷಣಾಲಯದಲ್ಲಿ ಕಾಂತಕ್ಷೇತ್ರ ಸುಮಾರು 1,600 ನ್ಯಾನೋಟೆಸ್ಲಾ ಕುಸಿದದ್ದನ್ನು ಕೈಯಲ್ಲೇ ಬರೆದಿಟ್ಟರು. ಆ ಬಿರುಗಾಳಿಯ ತೀವ್ರತೆಯನ್ನು ಅಂದಾಜು ಮಾಡಲು ಜಗತ್ತಿಗೆ ಇವತ್ತಿಗೂ ಕೊಲಾಬಾದ ಆ ಹಾಳೆಗಳು ಬೇಕು.

ನಮ್ಮ ಮಟ್ಟಿಗೆ ಇದು ದೂರದ ಸಂಗತಿಯಲ್ಲ. ಟಿ.ವಿ. ಮತ್ತು ಹವಾಮಾನ ಉಪಗ್ರಹಗಳು ಇರುವ ಭೂಸ್ಥಿರ ಕಕ್ಷೆ ಭೂಕೇಂದ್ರದಿಂದ 6.6 ಭೂತ್ರಿಜ್ಯ ದೂರದಲ್ಲಿದೆ. ಮಾಮೂಲಿ ದಿನಗಳಲ್ಲಿ ಅದು ಗಡಿಯ ಒಳಗೇ. 2024ರ ಮೇ 10-11ರಂದು, ಎರಡು ದಶಕಗಳಲ್ಲೇ ತೀವ್ರವಾದ ಬಿರುಗಾಳಿ ಬಡಿದಾಗ, ಗಡಿ ಭೂಸ್ಥಿರ ಕಕ್ಷೆಯನ್ನೂ ದಾಟಿ ಒಳಕ್ಕೆ ಸರಿಯಿತು. ಹಗಲಿನ ಕಡೆ ಇದ್ದ ಉಪಗ್ರಹಗಳು ಅಷ್ಟು ಹೊತ್ತು ಬೇಲಿಯಾಚೆಯ ಬಯಲಲ್ಲಿದ್ದಂತಾಯಿತು. ಇನ್ಸಾಟ್, ಜಿಸ್ಯಾಟ್ ಸರಣಿಯ ಉಪಗ್ರಹಗಳನ್ನು ಹಗಲಿರುಳೂ ಕಾಯುವ ಹಾಸನದ ಮುಖ್ಯ ನಿಯಂತ್ರಣ ಕೇಂದ್ರದವರಿಗೆ ಗಡಿ ಎಲ್ಲಿದೆ, ಎಷ್ಟು ಆಡುತ್ತಿದೆ ಎಂಬುದು ಕೆಲಸಕ್ಕೆ ಬರುವ ಮಾಹಿತಿ. ಅದೇ ರಾತ್ರಿ ಲಡಾಖಿನ ಹಾನ್ಲೆಯಲ್ಲಿ, ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಇಟ್ಟಿರುವ ಕ್ಯಾಮೆರಾಗಳಿಗೆ ಆ ಬಿರುಗಾಳಿ ದಿಗಂತದಲ್ಲಿ ಹೊತ್ತಿಸಿದ ಕೆಂಪು ಬೆಳಕು ಸೆರೆಸಿಕ್ಕಿತು.

ಈ ಗಡಿಗೆ ಬರುವ ಸೌರಮಾರುತವನ್ನು ಮುಂಚಿತವಾಗಿ ಸವಿಯುವ ನಮ್ಮದೇ ನೌಕೆ ಈಗ ಹದಿನೈದು ಲಕ್ಷ ಕಿ.ಮೀ. ದೂರದಲ್ಲಿದೆ. ಆದಿತ್ಯ-ಎಲ್1. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ರಂದು ತನ್ನ ಜಾಗ ಸೇರಿತು. ಅಲ್ಲಿ ದಾಟಿದ ಸೌರಮಾರುತ ಇಲ್ಲಿಗೆ ಬರಲು ಸುಮಾರು ಒಂದು ಗಂಟೆ. ಅದರ ಕಾಂತಮಾಪಕ ತಯಾರಾದದ್ದು ಬೆಂಗಳೂರಿನಲ್ಲಿ. ಆರು ಮೀಟರ್ ಉದ್ದದ ಕೋಲಿನ ಮೇಲೆ ಕುಳಿತು ಅದು ಕ್ಷೇತ್ರ ಉತ್ತರಕ್ಕೋ ದಕ್ಷಿಣಕ್ಕೋ ಎಂದು ಅಳೆಯುತ್ತದೆ. ಅಹಮದಾಬಾದ್ ಮತ್ತು ತಿರುವನಂತಪುರಗಳಲ್ಲಿ ಮಾಡಿದ ಉಪಕರಣಗಳು ಕಣಗಳನ್ನು ಎಣಿಸುತ್ತವೆ. ಮೇಲೆ ಹೇಳಿದ ಬಾಗಿಲಿನ ಕಥೆ ಓದಿದವರಿಗೆ ಈ ಅಳತೆಗಳ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕೊನೆಗೆ ಒಂದು ಮನವಿ. ಮದ್ದಳೆಯ ಮಿಡಿತ ಹಿಡಿದ ಮಾರ್ಟಿನ್ ಆರ್ಚರ್ ಅದಕ್ಕೂ ಮುಂಚೆ ಇನ್ನೊಂದು ಕೆಲಸ ಮಾಡಿದ್ದರು. ಭೂಸ್ಥಿರ ಉಪಗ್ರಹಗಳ ಕಾಂತಮಾಪಕದ ಒಂದು ವರ್ಷದ ದತ್ತಾಂಶವನ್ನು ಆರು ನಿಮಿಷದ ಧ್ವನಿಯಾಗಿ ಮಾಡಿ ಲಂಡನ್ನಿನ ಶಾಲಾ ಮಕ್ಕಳಿಗೆ ಕೇಳಲು ಕೊಟ್ಟರು. ಸೌರ ಬಿರುಗಾಳಿ ಮುಗಿದ ಮೇಲೆ ಹಲವು ದಿನಗಳ ಕಾಲ ಕಂಪನದ ಶ್ರುತಿ ಮೆಲ್ಲಗೆ ಇಳಿಯುತ್ತಾ ಹೋಗುವುದನ್ನು ಆ ಮಕ್ಕಳು ಕಿವಿಯಿಂದಲೇ ಹಿಡಿದರು. ಖಾಲಿಯಾದ ಕಾಂತಗೋಳಕ್ಕೆ ಪ್ಲಾಸ್ಮಾ ಮತ್ತೆ ತುಂಬಿಕೊಂಡಂತೆ ರೇಖೆಗಳ ಭಾರ ಹೆಚ್ಚಿ ಶ್ರುತಿ ತಗ್ಗುತ್ತದೆ ಎಂಬ ವಿವರಣೆಯೊಡನೆ ಅದು 2018ರಲ್ಲಿ ಸಂಶೋಧನಾ ಪ್ರಬಂಧವಾಯಿತು. ಆದಿತ್ಯ-ಎಲ್1ರ ದತ್ತಾಂಶ 2025ರ ಜನವರಿಯಿಂದ ಎಲ್ಲರಿಗೂ ತೆರೆದಿದೆ. ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿರುವ ಇಸ್ರೋ ದತ್ತಾಂಶ ಕೇಂದ್ರದ 'ಪ್ರದಾನ್' ತಾಣದಲ್ಲಿ ಹೆಸರು ನೋಂದಾಯಿಸಿದರೆ ಇಳಿಸಿಕೊಳ್ಳಬಹುದು, ಹಣ ಕೊಡಬೇಕಿಲ್ಲ. ನಮ್ಮ ಪದವಿ ಕಾಲೇಜುಗಳ ಭೌತಶಾಸ್ತ್ರ ವಿಭಾಗದವರು ಮುಂದಿನ ವರ್ಷದ ಪ್ರಾಜೆಕ್ಟಿಗೆ ಹಳೆಯ ಪ್ರಯೋಗಗಳನ್ನೇ ಮತ್ತೆ ಹಂಚುವ ಬದಲು, ಒಂದು ಗುಂಪಿನ ಮಕ್ಕಳ ಕೈಗಾದರೂ ಇದನ್ನು ಕೊಟ್ಟು ನೋಡಲಿ.